ಕ್ಲಾಟ್ ಕೈಕೊಟ್ಟ ಮೇಲೆ ಯಾವ ಕಾಲೇಜು ಸೇರಲಿ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಪಿಯುಸಿ ಆರ್ಟ್ಸ್‌ನಲ್ಲಿ 91% ಬಂದಿದೆ. ರಾಷ್ಟ್ರೀಯ ಕಾನೂನು ವಿವಿಗಳ ಪ್ರವೇಶ ಪರೀಕ್ಷೆ ಕ್ಲಾಟ್ ಬರೆದೆ, ಆದರೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ಗೆ ಬೇಕಾದ ರ‍್ಯಾಂಕ್ ಬರಲಿಲ್ಲ. ಜಬಲ್ಪುರದ ರಾಷ್ಟ್ರೀಯ ಕಾನೂನು ವಿವಿಯಲ್ಲಿ ಕೊನೆಯ ಪಟ್ಟಿಯಲ್ಲಿ ಸೀಟು ಸಿಗಬಹುದು. ಬೆಂಗಳೂರಿನ ಒಂದು ಖಾಸಗಿ ವಿವಿ ಸೀಟು ಕೊಟ್ಟಿದೆ, ಆದರೆ ವರ್ಷಕ್ಕೆ 3 ಲಕ್ಷಕ್ಕೂ ಜಾಸ್ತಿ ಫೀ, ಸಾಲ ಮಾಡಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿವಿಗೂ ಅರ್ಜಿ ಹಾಕಿದ್ದೇನೆ. ಸಿವಿಲ್ ಜಡ್ಜ್ ಆಗಬೇಕು ಅಂತ ಆಸೆ. ಅಪ್ಪ, "ಸದ್ಯ ಎಲ್ಲಾದರೂ ಸೇರು, ಎರಡನೇ ವರ್ಷಕ್ಕೆ ಒಳ್ಳೆ ಕಡೆ ಹೋದರಾಯ್ತು" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಅಪ್ಪನ ಮಾತಿಗೆ ಬರೋಣ. ಬಿ.ಎ., ಬಿ.ಕಾಂ.ನಲ್ಲಿ ನಡೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಲ್ಲಿ ಪಿಯುಸಿ ನಂತರದ ಐದು ವರ್ಷದ ಕಾನೂನು ಕೋರ್ಸಿಗೆ ಲ್ಯಾಟರಲ್ ಎಂಟ್ರಿ, ಅಂದರೆ ನಡುವಿನ ವರ್ಷಕ್ಕೆ ನೇರವಾಗಿ ಸೇರುವುದು, ಇಲ್ಲ. ನಡುವೆ ಬಿಟ್ಟರೆ ಅರ್ಧಕ್ಕೊಂದು ಡಿಗ್ರಿಯೂ ಸಿಗುವುದಿಲ್ಲ. ಹಾಗಾಗಿ ಎಲ್ಲಿ ಸೇರುತ್ತೀರೋ ಅಲ್ಲೇ ಐದು ವರ್ಷ ಮುಗಿಸುತ್ತೀರಿ ಎಂದುಕೊಂಡೇ ಆರಿಸಿ. ಮತ್ತೆ ಕ್ಲಾಟ್ ಬರೆಯಬಹುದು, ವಯಸ್ಸಿನ ಮಿತಿ ಇಲ್ಲ. ಕರ್ನಾಟಕದಲ್ಲಿ 10 ವರ್ಷ ಓದಿದವರಿಗೆ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ 25% ಸೀಟುಗಳ ಮೀಸಲಾತಿಯೂ ಇದೆ. ಆದರೆ ಸೀಟು ಸಿಕ್ಕರೆ ಮೊದಲ ವರ್ಷದಿಂದಲೇ ಓದಬೇಕು.

ಇನ್ನು ನಿಮ್ಮ ಆಸೆ. ಸಿವಿಲ್ ಜಡ್ಜ್ ಪರೀಕ್ಷೆ ಬರೆಯಲು ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮತ್ತೆ ಕಡ್ಡಾಯ ಮಾಡಿದೆ. ಅಂದರೆ ಐದು ವರ್ಷ ಓದು, ಮೂರು ವರ್ಷ ಕೋರ್ಟು. ಆ ಮೂರು ವರ್ಷ ಕೈಗೆ ಬರುವ ದುಡ್ಡು ಬಹಳ ಕಡಿಮೆ, ಎಷ್ಟೋ ಸೀನಿಯರ್‌ಗಳು ಬಸ್ ಖರ್ಚು ಕೊಟ್ಟರೆ ದೊಡ್ಡದು. ಅದೇ ಹೊತ್ತಿಗೆ ಸಾಲದ ಕಂತು ಶುರುವಾದರೆ ನೀವು ಕೋರ್ಟು ಬಿಟ್ಟು ಸಂಬಳದ ಕೆಲಸ ಹುಡುಕಬೇಕಾಗುತ್ತದೆ. ಜಡ್ಜ್ ಆಗುವ ಕನಸು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬೆಂಗಳೂರಿನ ಸೀಟನ್ನು ನಾನು ಕೊನೆಗೆ ಇಡುತ್ತೇನೆ. ಕಾಲೇಜು ಚೆನ್ನಾಗಿಯೇ ಇರಬಹುದು, ಆದರೆ ನಿಮ್ಮ ದಾರಿಗೆ ಆ ಸಾಲ ಅಡ್ಡ ಬರುತ್ತದೆ.

ಜಬಲ್ಪುರದ ಸಂಸ್ಥೆ 2018ರಲ್ಲಿ ಶುರುವಾಗಿದ್ದು. ಮಧ್ಯಪ್ರದೇಶ ಹೈಕೋರ್ಟಿನ ಮುಖ್ಯ ಪೀಠ ಅದೇ ಊರಿನಲ್ಲಿದೆ, ಅದು ದೊಡ್ಡ ಅನುಕೂಲ. ಆದರೆ ಅಲ್ಲಿನ ಕೆಳ ಕೋರ್ಟುಗಳು ನಡೆಯುವುದು ಹಿಂದಿಯಲ್ಲಿ. ನೀವು ಕೂರಬೇಕೆಂದಿರುವುದು ಕರ್ನಾಟಕದ ಕೋರ್ಟಿನಲ್ಲಿ, ಅಲ್ವಾ? ನಮ್ಮ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರಕ್ಕೇ ಒಂದು ಪತ್ರಿಕೆ ಇದೆ. ಸಾಕ್ಷಿ ಹೇಳಿಕೆ, ತೀರ್ಪು, ದಾಖಲೆಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರಬೇಕು. ಪಾಟೀಸವಾಲಿನಲ್ಲಿ ಸಾಕ್ಷಿ ಗೊಂದಲದಲ್ಲಿ ಏನೇನೋ ಹೇಳುತ್ತಾನೆ, ನ್ಯಾಯಾಧೀಶರು ಅದನ್ನು ಒಂದೊಂದೇ ಸ್ಪಷ್ಟ ವಾಕ್ಯ ಮಾಡಿ ಹೇಳುತ್ತಾರೆ, ಪಕ್ಕದಲ್ಲಿ ಕೂತವರು ಟೈಪ್ ಮಾಡುತ್ತಾರೆ. ಈ ಕೆಲಸ ಗೈಡ್ ಓದಿ ಬರುವಂಥದ್ದಲ್ಲ. ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ಕೇಳಿ ಬರಬೇಕು.

ಹಾಗಾಗಿ ನನ್ನ ಸಲಹೆ ಹುಬ್ಬಳ್ಳಿ. ವಿವಿ ಇರುವುದು ನವನಗರದಲ್ಲಿ, ಹುಬ್ಬಳ್ಳಿ ಧಾರವಾಡದ ನಡುವೆ. ಚಿಗರಿ ಬಸ್ ಹತ್ತಿದರೆ ಎರಡೂ ಊರು ಹತ್ತಿರ. ಹುಬ್ಬಳ್ಳಿಯ ಕೋರ್ಟುಗಳು ಒಂದು ಕಡೆ, ಧಾರವಾಡದ ಜಿಲ್ಲಾ ಕೋರ್ಟು ಇನ್ನೊಂದು ಕಡೆ. 2013ರಿಂದ ಕಾಯಂ ಆಗಿರುವ ಹೈಕೋರ್ಟ್ ಪೀಠವೂ ಧಾರವಾಡದಲ್ಲೇ ಇದೆ. ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ವಿಚಾರಣಾ ಕೋರ್ಟು, ಹೈಕೋರ್ಟು ಎರಡನ್ನೂ ಹಾಸ್ಟೆಲ್‌ನಿಂದಲೇ ಓಡಾಡಿ ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ನಿಮ್ಮ ಗುರಿ ಕಾರ್ಪೊರೇಟ್ ಲಾ ಫರ್ಮ್ ಆಗಿದ್ದರೆ ನಾನು ಬೇರೆಯೇ ಹೇಳುತ್ತಿದ್ದೆ. ಅಲ್ಲಿ ಕಾಲೇಜಿನ ಹೆಸರಿಗೆ ಬೆಲೆ ಜಾಸ್ತಿ.

ಸೇರುವ ಮೊದಲು ಒಂದು ದಿನ ಹೋಗಿ ಬನ್ನಿ. ಆಫೀಸಿನಲ್ಲಲ್ಲ, ನಾಲ್ಕನೇ, ಐದನೇ ವರ್ಷದವರ ಹತ್ತಿರ ಕೇಳಿ. ಸೆಮಿಸ್ಟರ್ ಫಲಿತಾಂಶ ಸಮಯಕ್ಕೆ ಬರುತ್ತಾ? ಇದು ಸಣ್ಣ ಪ್ರಶ್ನೆ ಅಲ್ಲ. ಮೂರು ವರ್ಷದ ವಕೀಲಿಕೆಯ ಎಣಿಕೆ ತಾತ್ಕಾಲಿಕ ಸನ್ನದು (ವಕೀಲರಾಗಿ ನೋಂದಣಿ) ಸಿಕ್ಕ ದಿನದಿಂದ ಶುರು. ಫಲಿತಾಂಶ ತಡವಾದಷ್ಟೂ ನಿಮ್ಮ ಜಡ್ಜ್ ಪರೀಕ್ಷೆಯೂ ಮುಂದಕ್ಕೆ ಹೋಗುತ್ತದೆ. ಲೈಬ್ರರಿಯಲ್ಲಿ ಭಾರತೀಯ ನ್ಯಾಯ ಸಂಹಿತೆಯ ಪುಸ್ತಕಗಳಿವೆಯಾ, ಇಲ್ಲಾ ಇನ್ನೂ ಹಳೆಯ ಐಪಿಸಿಯೇ ಇದೆಯಾ ನೋಡಿ. ಹೊಸ ಕಾನೂನು 2024ರ ಜುಲೈ 1ರಿಂದಲೇ ಜಾರಿಯಲ್ಲಿದೆ.

ಹುಬ್ಬಳ್ಳಿಯ ಪಟ್ಟಿ ಬರುವವರೆಗೆ ಬೆಂಗಳೂರಿನ ಸೀಟು ಹಿಡಿದಿಡಲೇಬೇಕು ಅನ್ನಿಸಿದರೆ ಮುಂಗಡ ಮಾತ್ರ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಪ್ರವೇಶಕ್ಕೆ ಕೊನೆಯ ದಿನ ಯಾವುದು ಎಂದು ಬರಹದಲ್ಲಿ ಕೇಳಿ. ಯುಜಿಸಿಯ 2018ರ ನಿಯಮದ ಪ್ರಕಾರ ಆ ದಿನಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಸಣ್ಣ ಮೊತ್ತ ಹಿಡಿದು ಪೂರ್ತಿ ಫೀ ವಾಪಸ್ ಕೊಡಬೇಕು. ಕೊನೆಯ ದಿನ ಕಳೆದು ತಿಂಗಳಾದರೆ ಏನೂ ಸಿಗುವುದಿಲ್ಲ. ಯುಜಿಸಿ ಆಯಾ ವರ್ಷಕ್ಕೆ ಬೇರೆ ಸುತ್ತೋಲೆಯನ್ನೂ ಹೊರಡಿಸುವುದುಂಟು, ಅದನ್ನೂ ನೋಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರು ಕೇಳಿದರೂ ತೋರಿಸಿ, ಪರಿಶೀಲಿಸಿದ ಮೇಲೆ ವಾಪಸ್ ತೆಗೆದುಕೊಂಡೇ ಬನ್ನಿ. ಅದನ್ನು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ.