ಕಾರ್ಖಾನೆ ಬರಲಿ, ರಿಪೇರಿ ಅಂಗಡಿಯೂ ಉಳಿಯಲಿ

ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ:

“ಮಾನ್ಯ ಸಂಪಾದಕರೇ, ನಾವು ಮನೆಯಲ್ಲಿ ಇಬ್ಬರೇ ಇದ್ದೇವೆ. ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಕೊಡುತ್ತೇವೆ. ನೀರಿನ ಬಾಟಲಿ, ಬಿಸ್ಕತ್ತಿನ ಕವರು, ಶಾಂಪೂ ಸ್ಯಾಷೆ ಎಲ್ಲವನ್ನೂ ತೊಳೆದು, ಒಣಗಿಸಿ, ಚೀಲಕ್ಕೆ ತುಂಬಿಡುತ್ತೇವೆ. ವಾರಕ್ಕೆ ಎರಡು ಚೀಲ ಆಗುತ್ತದೆ. ಆದರೆ ಕಸದ ಆಟೋದವರು ನಮ್ಮ ಕಣ್ಣೆದುರೇ ಎಲ್ಲವನ್ನೂ ಒಟ್ಟಿಗೆ ಸುರಿದುಕೊಂಡು ಹೋಗುತ್ತಾರೆ. ಜಿಲ್ಲೆಗೊಂದು ದೊಡ್ಡ ರೀಸೈಕ್ಲಿಂಗ್ ಕಾರ್ಖಾನೆ ಹಾಕಿದರೆ ಈ ಸಮಸ್ಯೆ ಮುಗಿಯುತ್ತದಲ್ಲವೇ? ಇದರ ಬಗ್ಗೆ ನೀವೇಕೆ ಬರೆಯುವುದಿಲ್ಲ?”

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಸಿಟ್ಟು ನ್ಯಾಯವಾದದ್ದು. ಮನೆಯವರು ಬೇರೆ ಮಾಡಿ ಕೊಟ್ಟ ಕಸವನ್ನು ಬೇರೆಯಾಗಿಯೇ ಸಾಗಿಸಬೇಕು ಅನ್ನುವುದು ದೇಶದ ಘನತ್ಯಾಜ್ಯ ನಿಯಮಗಳಲ್ಲೇ ಇದೆ. ವಾರ್ಡಿನ ಹೆಲ್ತ್ ಇನ್‌ಸ್ಪೆಕ್ಟರಿಗೆ ಲಿಖಿತವಾಗಿ ದೂರು ಕೊಡಿ, ಒಂದು ನಕಲು ಇಟ್ಟುಕೊಳ್ಳಿ. ಕಾರ್ಖಾನೆಯೂ ಬರಲಿ, ನನ್ನ ತಕರಾರಿಲ್ಲ. ಹಳೇ ಅಲ್ಯೂಮಿನಿಯಂ ಕರಗಿಸಿ ಬಳಸಿದರೆ, ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಸುಮಾರು 95% ಉಳಿಯುತ್ತದೆ. ಗಾಜು, ಕಬ್ಬಿಣವನ್ನು ಎಷ್ಟು ಸಲ ಬೇಕಾದರೂ ಕರಗಿಸಬಹುದು. ಇದೆಲ್ಲ ಒಳ್ಳೆಯದೇ.

ಆದರೆ ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು “ವಾರಕ್ಕೆ ಎರಡು ಚೀಲ” ಅನ್ನುವ ಮಾತನ್ನು. ಇಬ್ಬರೇ ಇರುವ ಮನೆ. ಆ ಚೀಲ ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳಿದ್ದೀರಿ. ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಲೆಕ್ಕ ಕಲಿಸಿದವರು ನೀವು, ಇದನ್ನು ಬಿಡಬಾರದಿತ್ತು.

ಚೀಲ ಬಿಚ್ಚಿ ನೋಡೋಣ. ನೀರಿನ ಬಾಟಲಿ ಪೆಟ್ ಪ್ಲಾಸ್ಟಿಕ್‌ನದು. ಅದಕ್ಕೆ ಗುಜರಿಯಲ್ಲಿ ಬೆಲೆ ಇದೆ, ಹಾಗಾಗಿ ಹೇಗೋ ಯಾರೋ ಆಯ್ದುಕೊಳ್ಳುತ್ತಾರೆ. ಚೂರು ಮಾಡಿ, ತೊಳೆದು, ಕರಗಿಸಿ ಎಳೆ ತೆಗೆಯುತ್ತಾರೆ. ಹೆಚ್ಚಿನ ಪಾಲು ಪಾಲಿಯೆಸ್ಟರ್ ಆಗುತ್ತದೆ, ದಿಂಬಿನೊಳಗೆ ಸೇರುತ್ತದೆ, ಟಿ-ಶರ್ಟ್ ಆಗುತ್ತದೆ. ಆ ಟಿ-ಶರ್ಟ್ ಹರಿದ ಮೇಲೆ ಮತ್ತೆ ಬಾಟಲಿ ಆಗುವುದು ತೀರಾ ಅಪರೂಪ. ಒಂದು ಸುತ್ತು ಜಾಸ್ತಿ ಬದುಕಿತು, ಅಷ್ಟೆ.

ಬಿಸ್ಕತ್ತು, ಚಿಪ್ಸಿನ ಕವರಿನ ಕಥೆ ಇನ್ನೂ ಕಷ್ಟದ್ದು. ಬೇರೆ ಬೇರೆ ಜಾತಿಯ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ. ಹಲವದರ ಒಳಗೆ ಅಲ್ಯೂಮಿನಿಯಂ ಲೇಪವೂ ಇರುತ್ತದೆ. ಅವನ್ನು ಬಿಡಿಸುವ ಖರ್ಚು ಸಿಗುವ ಮಾಲಿಗಿಂತ ಎಷ್ಟೋ ಹೆಚ್ಚು. ನೀವು ತೊಳೆದು ಮಡಿಸಿಟ್ಟ ಕವರಿಗೆ ಈಗ ಸಿಗುವ ಒಳ್ಳೆಯ ಗತಿ ಅಂದರೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಕಲ್ಲಿದ್ದಲಿನ ಜೊತೆ ಉರಿಯುವುದು. ಇನ್ನು ಶಾಂಪೂ ಸ್ಯಾಷೆ. ಒಂದು ಕೆ.ಜಿ. ತೂಗಬೇಕಾದರೆ ಸಾವಿರಾರು ಆಯಬೇಕು. ಅದಕ್ಕೇ ಚಿಂದಿ ಆಯುವವರು ಅದರ ಕಡೆ ನೋಡುವುದೂ ಇಲ್ಲ. ಚರಂಡಿಯಲ್ಲಿ ಸಿಕ್ಕಿಕೊಳ್ಳುವುದು ಅದೇ.

2017ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳು ಒಂದು ಲೆಕ್ಕ ಕೊಟ್ಟರು. 2015ರವರೆಗೆ ಜಗತ್ತು ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್ ತಯಾರಿಸಿತ್ತು. ಕಸವಾಗಿ ಹೋದದ್ದರಲ್ಲಿ ರೀಸೈಕಲ್ ಆದದ್ದು 9% ಮಾತ್ರ. 12% ಸುಟ್ಟಿತು. ಉಳಿದ 79% ಗುಂಡಿಗಳಲ್ಲಿ, ಬಯಲಲ್ಲಿ, ನೀರಲ್ಲಿ ಉಳಿಯಿತು. ದುಡ್ಡು, ಯಂತ್ರ, ಕಾನೂನು ಎಲ್ಲ ಇರುವ ದೇಶಗಳನ್ನೂ ಸೇರಿಸಿಕೊಂಡ ಲೆಕ್ಕ ಇದು. ಜಿಲ್ಲೆಗೊಂದು ಕಾರ್ಖಾನೆ ಕಟ್ಟಿದರೆ ಮುಗಿಯುತ್ತದೆ ಎಂದು ನಾನು ಹೇಗೆ ಬರೆಯಲಿ? ಬಡಿಸುವವರು ಕೈ ನಿಲ್ಲಿಸದೆ ಹೋದರೆ ಎಲೆ ಎತ್ತುವವರನ್ನು ಎಷ್ಟು ಜನ ಕರೆಸಿದರೂ ಪಂಕ್ತಿ ಮುಗಿಯುವುದಿಲ್ಲ.

ನಿಮ್ಮೂರಿಗೆ ಬೆಂಗಳೂರಿನ ಗತಿ ಬರಬಾರದು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿದಾಗ ರಾಜಧಾನಿಯ ಬೀದಿಬೀದಿಯಲ್ಲಿ ಕಸ ಕೊಳೆಯಿತು. ಆ ಹೊರೆಯನ್ನೆಲ್ಲ ನಗರದಾಚೆಯ ಹಳ್ಳಿ ಮಂಡೂರು ಹೊತ್ತುಕೊಂಡಿತು. ಅಲ್ಲಿನವರ ಬಾವಿ ನೀರು ಕೆಟ್ಟಿತು, ನೊಣ ಮುತ್ತಿದವು. 2014ರಲ್ಲಿ ಊರಿಗೆ ಊರೇ ರಸ್ತೆಗಿಳಿಯಿತು. ಆ ವರ್ಷದ ಡಿಸೆಂಬರ್ ಒಂದರಿಂದ ಲಾರಿಗಳು ನಿಂತವು. ನಿಂತವು ಅಂದರೆ ಬೇರೆ ಹಳ್ಳಿಗಳ ಕಡೆ, ಖಾಲಿ ಕಲ್ಲುಕ್ವಾರಿಗಳ ಕಡೆ ತಿರುಗಿದವು. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಗುಡ್ಡ ಮಳೆಗೆ ಜಾರಿ ಕೆಳಗಿನ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಹರಿಯಿತು. ನಗರದವರು ಎಸೆದದ್ದನ್ನು ಹಳ್ಳಿಯವರು ಹೊರಬೇಕು ಅನ್ನುವುದು ಯಾವ ನ್ಯಾಯ?

ಆ ಗುಡ್ಡಗಳಲ್ಲಿ ಜಾಸ್ತಿ ಇದ್ದದ್ದು ಏನು ಗೊತ್ತಾ? ಅನ್ನ, ಸಿಪ್ಪೆ, ಸೊಪ್ಪು. ನಮ್ಮ ಊರುಗಳ ಕಸದಲ್ಲಿ ಅರ್ಧದಷ್ಟು ಹಸಿಯೇ. ಹಿತ್ತಲಿನ ತಿಪ್ಪೆಗುಂಡಿ ಅದನ್ನು ಸದ್ದಿಲ್ಲದೆ ಗೊಬ್ಬರ ಮಾಡುತ್ತಿತ್ತು. ನಿಮ್ಮ ಮನೆಗೆ ಹಿತ್ತಲಿದೆಯೋ ಇಲ್ಲವೋ ತಿಳಿಯದು. ಇಲ್ಲದಿದ್ದರೂ ತೂತು ಹಾಕಿದ ಎರಡು ಡ್ರಮ್ಮು, ಒಂದಿಷ್ಟು ಒಣಗಿದ ಎಲೆ, ಹಳೇ ಮಜ್ಜಿಗೆ ಇದ್ದರೆ ಬಾಲ್ಕನಿಯಲ್ಲೇ ಆಗುತ್ತದೆ. ಹಸಿ ಕಸ ಮನೆಯಲ್ಲೇ ಉಳಿದರೆ ಆಟೋದವರು ಬೆರೆಸಲು ಏನೂ ಇರುವುದಿಲ್ಲ. ನಿಮ್ಮ ದೂರಿಗೆ ಇದೂ ಒಂದು ಪರಿಹಾರ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ತಾಳ್ಮೆಯಿಂದ ಓದಿ.

ನೀವು ಚಿಕ್ಕವರಿದ್ದಾಗ ಗೋಲಿ ಸೋಡಾ ಕುಡಿದವರು ಬಾಟಲಿಯನ್ನು ಅಂಗಡಿಯಲ್ಲೇ ಇಟ್ಟು ಬರುತ್ತಿದ್ದರು. ಮನೆಗೆ ಒಯ್ಯಬೇಕಾದರೆ ಡಿಪಾಸಿಟ್ ಕೊಡಬೇಕಿತ್ತು. ಆಮೇಲೆ ಬಂದ ತಂಪು ಪಾನೀಯದ ಗಾಜಿನ ಬಾಟಲಿಗಳೂ ಕ್ರೇಟಿನಲ್ಲಿ ಬಂದು ಕ್ರೇಟಿನಲ್ಲೇ ಹೋಗುತ್ತಿದ್ದವು. ಒಂದೇ ಬಾಟಲಿ ತೊಳೆಸಿಕೊಂಡು ಎಷ್ಟೋ ಬಾಯಿ ಕಾಣುತ್ತಿತ್ತು. ಅದನ್ನು ಕಸ ಅಂತ ಯಾರೂ ಅಂದುಕೊಂಡಿರಲಿಲ್ಲ. ಕಂಪನಿಗಳಿಗೆ ಬಾಟಲಿ ವಾಪಸ್ ತರಿಸುವ ಖರ್ಚು ಬೇಡವಾಯಿತು. ಪ್ಲಾಸ್ಟಿಕ್ ಬಂತು. ಆ ಖರ್ಚು ನಗರಸಭೆಯ ತಲೆಗೆ, ಮಂಡೂರಿನ ಬಾವಿಗೆ, ನಿಮ್ಮ ಮನೆಯ ಚೀಲಕ್ಕೆ ವರ್ಗವಾಯಿತು.

ಹಳೇ ಕಾಲ ಮುಗಿಯಿತು ಅನ್ನಬೇಡಿ. ಗುಂಡ್ಲುಪೇಟೆ ದಾಟಿ ಬಂಡೀಪುರದ ಆಚೆ ಹೋದರೆ ನೀಲಗಿರಿ ಜಿಲ್ಲೆ. ಕಾಡಿನಲ್ಲಿ ಒಡೆದ ಮದ್ಯದ ಬಾಟಲಿ ಆನೆಗಳ ಕಾಲಿಗೆ ಚುಚ್ಚುತ್ತಿತ್ತು. ಮದ್ರಾಸ್ ಹೈಕೋರ್ಟ್ ಬೆನ್ನು ಹತ್ತಿತು. 2022ರಲ್ಲಿ ಅಲ್ಲಿನ ಸರ್ಕಾರಿ ಅಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದವರಿಗೆ ವಾಪಸ್ ಕೊಡತೊಡಗಿದವು. ಬಹುಪಾಲು ಬಾಟಲಿಗಳು ಮರಳಿ ಬಂದವು. ಜರ್ಮನಿಯಲ್ಲಿ 2003ರಿಂದ ಒಮ್ಮೆ ಬಳಸಿ ಬಿಡುವ ಬಾಟಲಿ, ಡಬ್ಬಿಗೂ ಡಿಪಾಸಿಟ್ ಇದೆ, ಈಗ 25 ಸೆಂಟ್. ಹತ್ತು ರೂಪಾಯಿ ವಾಪಸ್ ಬರುತ್ತದೆ ಅಂದರೆ ಯಾರೂ ಚರಂಡಿಗೆ ಎಸೆಯುವುದಿಲ್ಲ. ಎಸೆದರೂ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ನೀವು ಕಾರ್ಖಾನೆ ಕೇಳಿ ಪತ್ರ ಬರೆಯುವ ಬದಲು ನಿಮ್ಮ ಶಾಸಕರಿಗೆ ಇದನ್ನು ಕೇಳಿ ಬರೆಯಿರಿ.

ಬಟ್ಟೆಯ ವಿಚಾರವೂ ಹೀಗೇ. ಧಾರವಾಡ, ವಿಜಯಪುರದ ಕಡೆಯ ಮನೆಗಳಲ್ಲಿ ಹಳೇ ಸೀರೆ, ಧೋತರ ಪದರ ಪದರ ಸೇರಿಸಿ ಕೌದಿ ಹೊಲಿಯುತ್ತಿದ್ದರು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳು ಅಮೆರಿಕದ ಮ್ಯೂಸಿಯಂನಲ್ಲಿ ಪ್ರದರ್ಶನ ಕಂಡಿವೆ. ಹಳೇ ಹತ್ತಿ ಸೀರೆಯ ಮೆತ್ತಗೆ ಯಾವ ಹೊಸ ಬಟ್ಟೆಗೂ ಬರುವುದಿಲ್ಲ. ಈಗ ಹತ್ತಿಯೂ ಪಾಲಿಯೆಸ್ಟರೂ ಬೆರೆತ ಬಟ್ಟೆ. ಅದು ಕೌದಿಗೂ ಹಿತವಲ್ಲ, ಕಾರ್ಖಾನೆಗೂ ಬಿಡಿಸಲು ಬರುವುದಿಲ್ಲ. ಹರಿಯಾಣದ ಪಾಣಿಪತ್ತಿಗೆ ಹೊರದೇಶಗಳಿಂದ ಹಳೇ ಬಟ್ಟೆ ಮೂಟೆಮೂಟೆ ಬಂದು ಬೀಳುತ್ತದೆ. ಅಲ್ಲಿನವರು ಉಣ್ಣೆಯದನ್ನು ಚಿಂದಿ ಮಾಡಿ, ನೂಲು ತೆಗೆದು ಕಂಬಳಿ ನೇಯ್ದು ಬದುಕಿದವರು. ಈ ಬೆರಕೆ ಬಟ್ಟೆ ಅವರ ಕಸುಬಿಗೂ ತೊಡಕು.

ಈಚೆಗೆ ನಮ್ಮ ಮನೆಯ ಮಿಕ್ಸರ್ ನಿಂತಿತು. ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದೆ. ಹುಡುಗ ಬಿಚ್ಚಿಯೂ ನೋಡಲಿಲ್ಲ. “ಈ ಮಾಡೆಲ್ ನಿಂತಿದೆ ಸಾರ್, ಎಕ್ಸ್‌ಚೇಂಜ್ ಆಫರ್ ಇದೆ, ಹೊಸದು ತಗೊಳ್ಳಿ” ಎಂದ. ಅಲ್ಲಿಂದ ನೇರ ಮಾರುಕಟ್ಟೆ ಹಿಂದಿನ ಸಂದಿಗೆ ಹೋದೆ. ಒಂದು ಸ್ಟೂಲು, ಒಂದು ಟೇಬಲ್ಲು, ಅಷ್ಟೇ ಅಂಗಡಿ. ಆತ ಕಿವಿಗೊಟ್ಟು ಒಮ್ಮೆ ತಿರುಗಿಸಿದರು. ಕಾರ್ಬನ್ ಬ್ರಷ್ ಸವೆದಿತ್ತು. ಬ್ರಷ್ ಬದಲಿಸಿ, ಸವೆದ ಕಪ್ಲರ್ ತೆಗೆದು ಹೊಸದು ಹಾಕಿ, ಬುಷ್‌ಗೆ ಎಣ್ಣೆ ಬಿಟ್ಟರು. ಒಂದು ಹೊತ್ತಿನ ಹೋಟೆಲ್ ಊಟದಷ್ಟೂ ಖರ್ಚಾಗಲಿಲ್ಲ. ಆ ಮಿಕ್ಸರ್ ಈಗಲೂ ಚಟ್ನಿ ರುಬ್ಬುತ್ತಿದೆ.

ಆ ಮೆಕ್ಯಾನಿಕ್ ಒಂದು ಮಾತು ಹೇಳಿದರು. “ಮೊದಲೆಲ್ಲ ಸ್ಕ್ರೂ ಇರ್ತಿತ್ತು, ಈಗ ಅಂಟು ಹಾಕಿ ಮುಚ್ತಾರೆ. ಬಿಚ್ಚಿದರೆ ಒಡೆಯುತ್ತೆ.” ಮೇಷ್ಟ್ರೇ, ನಮ್ಮ ಕಸದ ಬಗ್ಗೆ ನಾನು ಓದಿದ ಎಷ್ಟೋ ವರದಿಗಳಿಗಿಂತ ಈ ಮಾತು ದೊಡ್ಡದು. ವಸ್ತು ಕಸವಾಗುವುದು ನಿಮ್ಮ ಮನೆಯಲ್ಲಿ ಅಲ್ಲ, ಅದನ್ನು ಬಿಚ್ಚಲಾಗದಂತೆ ಮಾಡಿದ ಕಾರ್ಖಾನೆಯಲ್ಲೇ. ಫ್ರಾನ್ಸ್ 2021ರಲ್ಲೇ ಫೋನು, ವಾಷಿಂಗ್ ಮೆಷಿನ್ನಿನಂಥ ವಸ್ತುಗಳ ಮೇಲೆ, ರಿಪೇರಿ ಎಷ್ಟು ಸುಲಭ ಅನ್ನುವುದಕ್ಕೆ ಹತ್ತಕ್ಕೆ ಅಂಕ ಹಾಕಿಸತೊಡಗಿತು. ನಮ್ಮ ಕೇಂದ್ರ ಸರ್ಕಾರ ಗ್ರಾಹಕರ ರಿಪೇರಿ ಹಕ್ಕಿಗಾಗಿ 2022ರಲ್ಲಿ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಅಂಗಡಿಯಲ್ಲಿ ಮಿಕ್ಸರ್ ಕೊಳ್ಳುವವರಿಗೆ ಅದರಿಂದ ಇನ್ನೂ ಏನೂ ಕಾಣುತ್ತಿಲ್ಲ.

ಅದೇ ವರ್ಷದ ಜುಲೈ ಒಂದರಂದು ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧವಾಯಿತು. ಪಟ್ಟಿಯಲ್ಲಿ ಚಮಚ, ಸ್ಟ್ರಾ, ಲೋಟ, ಬಲೂನಿನ ಕಡ್ಡಿ, ಅಲಂಕಾರದ ಥರ್ಮೊಕೋಲ್ ಇದ್ದವು. ನೀರಿನ ಬಾಟಲಿ ಇರಲಿಲ್ಲ, ಚಿಪ್ಸಿನ ಕವರೂ ಇರಲಿಲ್ಲ. ಬಲೂನಿನ ಕಡ್ಡಿ ಮಾರುವವನ ಹೊಟ್ಟೆಪಾಡು ಹೋಯಿತು, ದೊಡ್ಡ ಕಂಪನಿಗಳ ಪ್ಯಾಕೆಟ್ಟು ಉಳಿಯಿತು. ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದೆ. ನಿಮ್ಮ ಊರಿನ ಸಂತೆಯಲ್ಲಿ ಹೋಗಿ ನೋಡಿ.

ಮದುವೆ ಛತ್ರಗಳ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬಾಳೆ ಎಲೆ ಹಾಕುತ್ತಾರೆ, ಸಂತೋಷ. ಆದರೆ ಎಲೆಯ ಪಕ್ಕ ಅಂಗೈ ಉದ್ದದ ನೀರಿನ ಬಾಟಲಿ. ಎರಡು ಗುಟುಕು ಕುಡಿದು ಎದ್ದು ಹೋಗುತ್ತಾರೆ. ಸ್ಟೀಲ್ ಲೋಟ ಇಡಿ ಅಂದರೆ “ಚೆನ್ನಾಗಿ ಕಾಣಲ್ಲ” ಅನ್ನುತ್ತಾರೆ. ಲೋಟ ತೊಳೆಯುವ ಇಬ್ಬರಿಗೆ ಆ ದಿನದ ಕೂಲಿ ಸಿಗುತ್ತಿತ್ತು, ಅಲ್ವಾ? ಎಷ್ಟೋ ಊರುಗಳಲ್ಲಿ ಉತ್ಸಾಹಿಗಳು ತಟ್ಟೆ ಲೋಟಗಳನ್ನು ಪುಕ್ಕಟೆ ಎರವಲು ಕೊಡುವ ಬ್ಯಾಂಕ್ ನಡೆಸುತ್ತಿದ್ದಾರೆ. ಮನೆಯ ಹಿರಿಯರು ಒಂದು ಮಾತು ಹೇಳಿದರೆ ಸಾಕು. ನಿಮ್ಮಂಥ ಮೇಷ್ಟ್ರ ಮಾತನ್ನು ಹಳೇ ಶಿಷ್ಯರು ತೆಗೆದುಹಾಕುವುದಿಲ್ಲ.

ಕೊಡೆ ರಿಪೇರಿ ಮಾಡುವವರು, ಚಪ್ಪಲಿ ಹೊಲಿಯುವವರು, ಪಾತ್ರೆಗೆ ಕಲಾಯಿ ಹಾಕುವವರು, ಗುಜರಿಯವರು, ಚಿಂದಿ ಆಯುವ ಹೆಂಗಸರು. ಈ ದೇಶದಲ್ಲಿ ವಸ್ತುಗಳ ಆಯಸ್ಸು ಉದ್ದ ಮಾಡಿದವರು ಇವರೇ. ಇವರಲ್ಲಿ ಹೆಚ್ಚಿನವರು ಯಾವ ಜಾತಿಗಳಿಂದ, ಯಾವ ಕೇರಿಗಳಿಂದ ಬಂದವರು ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ನಾವು ಅವರ ಕೆಲಸವನ್ನು ಕೀಳು ಅಂದೆವು, ಹೊಲಿಗೆ ಹಾಕಿದ ಅಂಗಿಯನ್ನು ಬಡತನದ ಗುರುತು ಅಂದೆವು. ಈಗ ಪರಿಸರ ಉಳಿಸಲು ದುಬಾರಿ ಯಂತ್ರ ತರಿಸುತ್ತೇವೆ. ಬೆಂಗಳೂರಿನಲ್ಲಿ ಕಸ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದ್ದು 2011ರಲ್ಲಿ, ಅದೂ ಅವರು ಸಂಘಟಿತರಾಗಿ ಹೋರಾಡಿದ ಮೇಲೆ. ಅವರೇ ಇಂದು ಎಷ್ಟೋ ವಾರ್ಡುಗಳ ಒಣ ಕಸದ ಕೇಂದ್ರ ನಡೆಸುತ್ತಿದ್ದಾರೆ. ಜಾಲಿ ಮೊಹಲ್ಲಾ, ನಾಯಂಡಹಳ್ಳಿಯ ಸಣ್ಣ ಸಣ್ಣ ಗೋದಾಮುಗಳಲ್ಲಿ ಬರಿಗಣ್ಣಲ್ಲೇ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವವರಿದ್ದಾರೆ. ನೀವು ಕೇಳುವ ಕಾರ್ಖಾನೆ ಬಂದರೆ, ಅದರಲ್ಲಿ ಮೊದಲ ಕೆಲಸ ಅವರಿಗೆ ಸಿಗಬೇಕು ಎಂದು ನಾನು ಖಂಡಿತ ಬರೆಯುತ್ತೇನೆ.

ನಿಮ್ಮ ಚೀಲದ ವಿಷಯ ಇನ್ನೊಂದು ಮಾತು. ನೆಂಟರು ಬರುತ್ತಾರೆಂದು ನೀರಿನ ಬಾಟಲಿ ತಂದಿಡುತ್ತಿದ್ದರೆ, ಅದನ್ನು ಬಿಡಿ. ತಂಬಿಗೆ ಲೋಟ ಇಡಿ. ಶಾಂಪೂ ದೊಡ್ಡ ಬಾಟಲಿ ತನ್ನಿ ಅಥವಾ ಸೀಗೆಪುಡಿಗೆ ಮರಳಿ. ಬಿಸ್ಕತ್ತಿನ ಬದಲು ಬೆಣ್ಣೆ ದೋಸೆಯ ಊರಿನಲ್ಲಿ ತಿನ್ನಲು ಏನು ಕಮ್ಮಿ? ಮಂಡಕ್ಕಿಯನ್ನು ಈಗಲೂ ಪೇಪರಿನಲ್ಲಿ ಕಟ್ಟಿಕೊಡುತ್ತಾರೆ, ಡಬ್ಬಿ ಒಯ್ದರೆ ಅದಕ್ಕೇ ಸುರಿಯುತ್ತಾರೆ. ಇದನ್ನು ಸುಮ್ನೆ ಹೇಳುತ್ತಿಲ್ಲ, ಮಾಡಿ ನೋಡಿ ಬರೆಯಿರಿ.

ಮುಂದಿನ ಸಂಚಿಕೆಯಿಂದ ಒಂದು ಪುಟವನ್ನು ರಿಪೇರಿ ಮಾಡುವವರಿಗೆ ಮೀಸಲಿಡುತ್ತಿದ್ದೇವೆ. ನಿಮ್ಮೂರಲ್ಲಿ ಮಿಕ್ಸರ್, ಹೊಲಿಗೆ ಯಂತ್ರ, ಕೊಡೆ, ಬ್ಯಾಗು, ಗಡಿಯಾರ ಸರಿ ಮಾಡುವವರು ಎಲ್ಲಿ ಕೂರುತ್ತಾರೆ, ಯಾವ ವಾರ ರಜೆ ಎಂದು ಬರೆದು ಕಳಿಸಿ. ಅಚ್ಚು ಹಾಕಬಹುದೇ ಎಂದು ಅವರನ್ನು ಮೊದಲೇ ಕೇಳಿಕೊಳ್ಳಿ. ದಾವಣಗೆರೆಯ ಪಟ್ಟಿ ನಿಮ್ಮಿಂದಲೇ ಬರಲಿ. ತಿಂಗಳ ಇಪ್ಪತ್ತರೊಳಗೆ ಕೈಸೇರಿದರೆ ಮೊದಲ ಕಂತಿನಲ್ಲೇ ಹಾಕುತ್ತೇವೆ.

— ಸಂಪಾದಕ