‘ಬಿಲಿ ಜೀನ್’ 1966ರಲ್ಲಿ ಧ್ವನಿಮುದ್ರಣವಾಗಿದ್ದರೆ?

ಸಂಗೀತ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ಮೈಕೆಲ್ ಜಾಕ್ಸನ್ 1982ರಲ್ಲಿ ಹಾಡಿದ ‘ಬಿಲಿ ಜೀನ್’ ಗೀತೆಯನ್ನು 1966ರ ಶೈಲಿಗೆ ಬದಲಾಯಿಸಿದ ಮುದ್ರಿಕೆಯೊಂದನ್ನು ಗೆಳತಿ ಕಳುಹಿಸಿದ್ದಳು. ಅದನ್ನು ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ್ದಂತೆ. ಕೇಳಲು ಹಿತವಾಗಿತ್ತಾದರೂ ಎಲ್ಲೋ ಏನೋ ಹೊಂದುತ್ತಿಲ್ಲ ಎನಿಸಿತು. ಆ ಹಾಡು ನಿಜವಾಗಿಯೂ ಆ ಕಾಲದಲ್ಲಿ ಧ್ವನಿಮುದ್ರಣವಾಗಿದ್ದರೆ ಹೇಗಿರುತ್ತಿತ್ತು?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮಗೆ ಅನಿಸಿದ್ದು ಸರಿಯಾಗಿಯೇ ಇದೆ. ಇಂತಹ ಮುದ್ರಿಕೆಗಳಲ್ಲಿ ಹೆಚ್ಚಾಗಿ ನಡೆಯುವುದು ಶಾಲಾ ವಾರ್ಷಿಕೋತ್ಸವದ ಛದ್ಮವೇಷ. ಹಾಡಿನ ಉದ್ದ, ಅದರ ಕಟ್ಟು, ಬೇಸ್ ಗಿಟಾರಿನ ನಡೆ ಎಲ್ಲವೂ 1982ರವೇ ಆಗಿ ಉಳಿದು, ಮೇಲೆ ಮಾತ್ರ ಒಂದಿಷ್ಟು ಟ್ರಂಪೆಟ್, ಒಂದಿಷ್ಟು ಟ್ಯಾಂಬೊರಿನ್, ಹಳೆಯ ಗ್ರಾಮೊಫೋನ್ ತಟ್ಟೆಯ ಕರಕರ ಸದ್ದು ಸೇರಿಕೊಂಡಿರುತ್ತವೆ. ಆದರೆ ಒಂದು ಕಾಲದ ನಾದವನ್ನು ರೂಪಿಸುವುದು ಆಗ ಇದ್ದ ವಾದ್ಯಗಳಿಗಿಂತ ಹೆಚ್ಚಾಗಿ, ಆ ಕಾಲದ ಯಂತ್ರ, ಕೋಣೆ, ರೇಡಿಯೊ ಮತ್ತು ಕಂಪನಿಯ ಯಜಮಾನರು ಯಾವುದಕ್ಕೆ ಎಡೆಗೊಡುತ್ತಿರಲಿಲ್ಲ ಎಂಬ ಸಂಗತಿ. ಆದ್ದರಿಂದ ಮೊದಲು ಹಾಡಿನಿಂದ ಏನನ್ನು ಕಳೆಯಬೇಕೆಂದು ಕೇಳಿಕೊಳ್ಳೋಣ.

ಊರನ್ನು ಆಯ್ದುಕೊಳ್ಳುವುದು ಕಷ್ಟವಲ್ಲ. 1966ರಲ್ಲಿ ಈ ಹಾಡಿಗೆ ತಕ್ಕ ಸ್ಥಳವೆಂದರೆ ಅಮೆರಿಕದ ಡೆಟ್ರಾಯಿಟ್ ನಗರದ ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡ್ ರಸ್ತೆಯ ಮನೆಯೊಂದರಲ್ಲಿದ್ದ ಮೋಟೌನ್ ಎಂಬ ಧ್ವನಿಮುದ್ರಣ ಕಂಪನಿಯ ಸ್ಟುಡಿಯೋ. ವಾದಕರು ಆ ಇಕ್ಕಟ್ಟಾದ ಕೋಣೆಯನ್ನು ‘ಹಾವಿನ ಗುಂಡಿ’ ಎಂದು ಕರೆಯುತ್ತಿದ್ದರು. ಮೈಕೆಲ್ ಜಾಕ್ಸನ್ ಮುಂದೆ ಅಣ್ಣಂದಿರೊಂದಿಗೆ ಇದೇ ಕಂಪನಿಯ ಮೂಲಕವೇ ಬೆಳಕಿಗೆ ಬಂದವರು. ಆದರೆ 1966ರಲ್ಲಿ ಅವರಿಗೆ ಎಂಟು ತುಂಬುತ್ತಿದ್ದ ವಯಸ್ಸು. ತನ್ನ ಮಗುವಿನ ತಂದೆ ನೀನೇ ಎನ್ನುವ ಹೆಣ್ಣಿಗೆ ‘ಆ ಮಗು ನನ್ನದಲ್ಲ’ ಎಂದು ಉತ್ತರಿಸುವ ಹಾಡಿದು; ಅದನ್ನು ಹಾಡಲು ಬೇರೊಬ್ಬರನ್ನು ಹುಡುಕಲೇಬೇಕು. ನಾನಾದರೆ ಅದೇ ಕಂಪನಿಯ ಗಾಯಕ ಮಾರ್ವಿನ್ ಗೇ ಅವರನ್ನು ಕರೆಯುತ್ತೇನೆ.

ಮೊದಲು ಕತ್ತರಿ ಬೀಳುವುದು ಆರಂಭಕ್ಕೆ. ‘ಬಿಲಿ ಜೀನ್’ ಐದು ನಿಮಿಷಕ್ಕೆ ಕೆಲವೇ ಸೆಕೆಂಡು ಕಡಿಮೆ ಇರುವ ಹಾಡು; ಅದರಲ್ಲಿ ಮೊದಲ ಸಾಲು ಕೇಳಿಬರುವ ಮುನ್ನ ಡ್ರಮ್ಸ್ ಮತ್ತು ಬೇಸ್ ಗಿಟಾರುಗಳೇ ಸುಮಾರು ಅರ್ಧ ನಿಮಿಷ ನಡೆಯುತ್ತವೆ. ಇದು ತೀರಾ ದೀರ್ಘವಾಯಿತೆಂದು ನಿರ್ಮಾಪಕ ಕ್ವಿನ್ಸಿ ಜೋನ್ಸ್ 1982ರಲ್ಲೇ ಆಕ್ಷೇಪಿಸಿದ್ದರು; ತಮಗೆ ಕುಣಿಯಬೇಕೆನಿಸುವುದೇ ಆ ಭಾಗದಿಂದ ಎಂದು ಹಟ ಹಿಡಿದು ಜಾಕ್ಸನ್ ಅದನ್ನು ಉಳಿಸಿಕೊಂಡರು. 1966ರಲ್ಲಿ ಆ ಹಟ ನಡೆಯುತ್ತಿರಲಿಲ್ಲ. ರೇಡಿಯೊ ನಿಲಯಗಳಿಗೆ ಮೂರು ನಿಮಿಷದ ಆಸುಪಾಸಿನ ಹಾಡು ಬೇಕಾಗಿತ್ತು; ಮೋಟೌನ್ ಹಾಡುಗಳು ಕೆಲವೇ ಸೆಕೆಂಡುಗಳಲ್ಲಿ ಕೇಳುಗರನ್ನು ಹಿಡಿದು ನಿಲ್ಲಿಸಬೇಕಾಗಿತ್ತು. ಹಾಗಾಗಿ ನಾಲ್ಕು ಆವರ್ತದೊಳಗೆ ಹಾಡುಗಾರಿಕೆ ಶುರುವಾಗುತ್ತದೆ, ಒಂದು ಚರಣ ಹೋಗುತ್ತದೆ, ಕೊನೆಯ ದೀರ್ಘ ಪುನರಾವರ್ತನೆ ಅರ್ಧಕ್ಕೇ ತಗ್ಗುತ್ತಾ ಮರೆಯಾಗುತ್ತದೆ.

ಇನ್ನು ಬೇಸ್ ಗಿಟಾರು. ಮೂಲದಲ್ಲಿ ಲೂಯಿಸ್ ಜಾನ್ಸನ್ ನುಡಿಸಿದ ಆ ನಡೆ ಬಹುಪಾಲು ಬದಲಾಗದೆ ಸುತ್ತಿ ಸುತ್ತಿ ಬರುತ್ತದೆ. ಹಾಡಿನ ಭಯವೆಲ್ಲ ಅಡಗಿರುವುದು ಆ ಹಟಮಾರಿ ಸುತ್ತಿನಲ್ಲೇ. ಮೋಟೌನ್‌ನಲ್ಲಿ ಅದೇ ಜಾಗದಲ್ಲಿ ಕೂರುತ್ತಿದ್ದವರು ಜೇಮ್ಸ್ ಜೇಮರ್ಸನ್. ಜಾಝ್ ಸಂಗೀತದ ದೊಡ್ಡ ನಿಲುವಿನ ಬೇಸ್ ವಾದ್ಯದಿಂದ ವಿದ್ಯುತ್ ಬೇಸ್ ಗಿಟಾರಿಗೆ ಬಂದ ಅವರು ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದರು. ಹಳೆಯ ತಂತಿಗಳನ್ನು ಬದಲಾಯಿಸಲು ಇಷ್ಟಪಡುತ್ತಿರಲಿಲ್ಲವಾದ್ದರಿಂದ ಅವರ ನಾದ ಗುಂಡಗೆ, ತುಸು ಮಂದವಾಗಿ ಕೇಳುತ್ತಿತ್ತು. ಒಂದೇ ಸಾಲನ್ನು ಎರಡು ಸಲ ಒಂದೇ ರೀತಿ ನುಡಿಸುವ ಜಾಯಮಾನ ಅವರದಲ್ಲ. ಅವರ ಕೈಯಲ್ಲಿ ಆ ನಡೆ ಎರಡನೆಯ ಚರಣದ ಹೊತ್ತಿಗೆ ಹಾಡುಗಾರನ ಜೊತೆ ಮಾತಿಗಿಳಿದಿರುತ್ತಿತ್ತು. ಸಂಗೀತ ಬಹುಶಃ ಇನ್ನಷ್ಟು ಶ್ರೀಮಂತವಾಗುತ್ತಿತ್ತು, ಬೆನ್ನಟ್ಟುವ ಆ ಭಯ ಮಾತ್ರ ಕರಗಿಹೋಗುತ್ತಿತ್ತು.

ಡ್ರಮ್ಸ್ ವಿಷಯ ಬೇಗ ಮುಗಿಯುತ್ತದೆ. ಮೂಲದ ಡ್ರಮ್ಸ್ ಒಣಗಿದ ಸದ್ದಿನವು, ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಧ್ವನಿಮುದ್ರಣಕಾರ ಬ್ರೂಸ್ ಸ್ವೀಡಿಯನ್ ಅದಕ್ಕಾಗಿಯೇ ವಿಶೇಷ ವೇದಿಕೆ ಕಟ್ಟಿಸಿದ್ದರು. ಡೆಟ್ರಾಯಿಟ್‌ನ ಚಿಕ್ಕ ಕೋಣೆಯಲ್ಲಿ ಡ್ರಮ್ಸಿನ ಸದ್ದು ಅಕ್ಕಪಕ್ಕದ ಮೈಕುಗಳಿಗೂ ನುಗ್ಗುತ್ತದೆ. ಅದರ ಮೇಲೆ ಟ್ಯಾಂಬೊರಿನ್ ಬೀಳುತ್ತದೆ. ಮನೆಯ ಅಟ್ಟವನ್ನೇ ಪ್ರತಿಧ್ವನಿ ಕೋಣೆ ಮಾಡಿಕೊಂಡಿದ್ದರಿಂದ ಕಂಠದ ಸುತ್ತ ಆ ಅಟ್ಟದ ಮೊಳಗು ಹರಡುತ್ತದೆ. ಮೂಲದ ನಡುವೆ ಟಾಮ್ ಸ್ಕಾಟ್ ನುಡಿಸುವ ಲಿರಿಕಾನ್ ಎಂಬ ವಿದ್ಯುನ್ಮಾನ ಊದುವಾದ್ಯ 1970ರ ದಶಕದ್ದು. ಅದರ ಬದಲು ಬ್ಯಾರಿಟೋನ್ ಸ್ಯಾಕ್ಸೊಫೋನ್ ಬರುತ್ತದೆ, ಅದರಿಂದ ನಷ್ಟವೇನೂ ಇಲ್ಲ. ಕೊನೆಗೆ ಇಡೀ ಹಾಡನ್ನು ಕಾರಿನ ರೇಡಿಯೊದಂತಹ ಸಣ್ಣ ಸ್ಪೀಕರಿನಲ್ಲಿ ಕೇಳಿ ಪರೀಕ್ಷಿಸುವುದು ಅಲ್ಲಿನ ಪದ್ಧತಿಯಾಗಿತ್ತು. ಅಂತಹ ಸ್ಪೀಕರಿನಲ್ಲಿ ಕೇಳಿಸದ ಆಳದ ಸ್ವರಕ್ಕೆ ಬೆಲೆಯಿರಲಿಲ್ಲ.

ಇಷ್ಟಾದ ಮೇಲೂ ಹಾಡು ಹೊರಬರುತ್ತಿತ್ತೆ ಎಂಬುದೇ ನನ್ನ ಅನುಮಾನ. ಬೆರಿ ಗಾರ್ಡಿ ಸಂಸ್ಥಾಪಿಸಿದ ಆ ಕಂಪನಿಯಲ್ಲಿ ಶುಕ್ರವಾರದ ಗುಣಮಟ್ಟ ಸಭೆಯಲ್ಲಿ ಗೆದ್ದ ಹಾಡು ಮಾತ್ರ ಮಾರುಕಟ್ಟೆಗೆ ಹೋಗುತ್ತಿತ್ತು. ಮಾರ್ವಿನ್ ಗೇ ಅವರೇ 1967ರಲ್ಲಿ ಸಂಶಯಗ್ರಸ್ತ ಪ್ರೇಮಿಯ ಹಾಡೊಂದನ್ನು, ‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’ ಎಂಬುದನ್ನು, ನಿಧಾನವಾಗಿ, ಕತ್ತಲು ಕವಿದಂತೆ ಹಾಡಿದಾಗ ಗಾರ್ಡಿ ಅದನ್ನು ಬದಿಗಿಟ್ಟು, ಗ್ಲಾಡಿಸ್ ನೈಟ್ ಮತ್ತು ಸಂಗಡಿಗರ ಚುರುಕಾದ ಮುದ್ರಿಕೆಯನ್ನು ಬಿಡುಗಡೆ ಮಾಡಿದರು. ಗೇ ಅವರ ಮುದ್ರಿಕೆ ಗೆದ್ದದ್ದು 1968ರ ಕೊನೆಯಲ್ಲಿ. ಅದೇ 1968ರಲ್ಲಿ ಅದೇ ಕಂಪನಿಯ ಸುಪ್ರೀಮ್ಸ್ ಎಂಬ ಗಾಯಕಿಯರ ತಂಡ ವಿವಾಹಬಾಹಿರವಾಗಿ ಹುಟ್ಟಿದ ಮಗುವಿನ ಕುರಿತ ಹಾಡನ್ನು ಹಾಡಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಎರಡೇ ವರ್ಷಗಳ ಅಂತರ. ಆದುದರಿಂದ, ನಿಮ್ಮ ಗೆಳತಿಯ ಮುದ್ರಿಕೆಯಲ್ಲಿ ನಾನು ತಿದ್ದುವುದಾದರೆ ಮೊದಲು ತಿದ್ದುವುದು ಇಸವಿಯನ್ನು: 1966 ಬೇಡ, 1968 ಇರಲಿ.

ಪ್ರಶ್ನೆ: ಊಹೆ ಹಾಗಿರಲಿ, ಹಳೆಯ ಕಾಲದ ಯಂತ್ರದಲ್ಲೇ ಇಂದಿನವರು ನಿಜವಾಗಿ ಹಾಡಿ ನೋಡಿದ್ದುಂಟೇ?
— ನಿವೃತ್ತ ಅಧ್ಯಾಪಕರು, ಸಾಗರ

ಉತ್ತರ: ಉಂಟು, ಅದೂ ಬಹಳ ಶಿಸ್ತಿನಿಂದ. 2017ರಲ್ಲಿ ತೆರೆಕಂಡ ‘ಅಮೆರಿಕನ್ ಎಪಿಕ್ ಸೆಷನ್ಸ್’ ಎಂಬ ಚಿತ್ರಕ್ಕಾಗಿ 1920ರ ದಶಕದ ವೆಸ್ಟರ್ನ್ ಎಲೆಕ್ಟ್ರಿಕ್ ಧ್ವನಿಮುದ್ರಣ ವ್ಯವಸ್ಥೆಯನ್ನು ಬಿಡಿಭಾಗಗಳಿಂದ ಮತ್ತೆ ಜೋಡಿಸಿ ನಿಲ್ಲಿಸಲಾಯಿತು. ತಟ್ಟೆಯನ್ನು ತಿರುಗಿಸಲು ಅದರಲ್ಲಿ ಮೋಟಾರು ಇರಲಿಲ್ಲ. ಎತ್ತರಕ್ಕೆ ಏರಿಸಿದ ಭಾರವೊಂದು ನಿಧಾನವಾಗಿ ಕೆಳಗಿಳಿಯುತ್ತಾ ಪಟ್ಟಿಯ ಮೂಲಕ ಗಾಲಿಯನ್ನು ಎಳೆಯುತ್ತಿತ್ತು. ಭಾರ ನೆಲ ಮುಟ್ಟಲು ಸುಮಾರು ಮೂರು ನಿಮಿಷ ಬೇಕು, ಹಾಡೂ ಅಷ್ಟರೊಳಗೆ ಮುಗಿಯಬೇಕು. ಮೈಕು ಒಂದೇ. ಎಲ್ಟನ್ ಜಾನ್, ವಿಲ್ಲಿ ನೆಲ್ಸನ್, ಬೆಕ್ ಮೊದಲಾದ ಗಾಯಕರು ಅದರೆದುರು ನಿಂತರು. ಬೆಕ್ ಅವರಂತೂ ಗಾಯನವೃಂದವನ್ನೇ ಕರೆತಂದಿದ್ದರು. ಒಬ್ಬರ ಧ್ವನಿ ಹೆಚ್ಚಾದರೆ ಗುಂಡಿ ತಿರುಗಿಸಿ ತಗ್ಗಿಸುವಂತಿಲ್ಲ, ಅವರನ್ನೇ ಎರಡು ಹೆಜ್ಜೆ ಹಿಂದಕ್ಕೆ ಕಳುಹಿಸಬೇಕು. ರ‍್ಯಾಪ್ ಗಾಯಕ ನಾಸ್ ಅಲ್ಲಿ 1928ರ ಹಾಡೊಂದನ್ನು ಹಾಡಿದ್ದು ನನಗೆ ಅತ್ಯಂತ ಇಷ್ಟವಾದ ಭಾಗ. ತೊಂಬತ್ತು ವರ್ಷಗಳ ಅಂತರ ಅವರ ಬಾಯಲ್ಲಿ ಇಲ್ಲವೇ ಇಲ್ಲವೆನಿಸುತ್ತದೆ.

ಗಾಯಕ ನೀಲ್ ಯಂಗ್ 2014ರಲ್ಲಿ 1947ರ ಒಂದು ಸ್ವಯಂಧ್ವನಿಮುದ್ರಣ ಗೂಡಿನೊಳಗೆ ಕುಳಿತು ಇಡೀ ಆಲ್ಬಮ್ ಮಾಡಿದರು. ಗೂಡು ಟೆಲಿಫೋನ್ ಬೂತಿನಷ್ಟೇ ದೊಡ್ಡದು. 2016ರಲ್ಲಿ ಆರ್ಕೆಸ್ಟ್ರಾ ಆಬ್ಸಲೀಟ್ ಎಂಬ ತಂಡ ನ್ಯೂ ಆರ್ಡರ್ ಎಂಬ ಬ್ರಿಟಿಷ್ ತಂಡದ 1983ರ ‘ಬ್ಲೂ ಮಂಡೆ’ ಹಾಡನ್ನು 1930ರ ದಶಕದಲ್ಲಿ ದೊರೆಯುತ್ತಿದ್ದ ವಾದ್ಯಗಳಿಂದ ನುಡಿಸಿತು. ಡ್ರಮ್ ಯಂತ್ರ ಮತ್ತು ಸಿಂಥಸೈಜರುಗಳಿಂದಲೇ ಹುಟ್ಟಿದ ಆ ಹಾಡಿಗೆ ಮುಟ್ಟದೆಯೇ ನುಡಿಸುವ ಥೆರಮಿನ್ ಎಂಬ ವಾದ್ಯ, ಹಾರ್ಮೋನಿಯಂ, ಬಿಲ್ಲಿನಿಂದ ಉಜ್ಜುವ ಗರಗಸ ಎಲ್ಲವೂ ಬಂದವು. ನಮ್ಮ ಹಾರ್ಮೋನಿಯಂ ಅಷ್ಟು ಭೂತಚೇಷ್ಟೆ ಮಾಡಬಲ್ಲದೆಂದು ನಾಟಕ ಕಂಪನಿಗಳವರಿಗೂ ತಿಳಿದಿರಲಿಕ್ಕಿಲ್ಲ.

ಪ್ರಶ್ನೆ: ಹಿಂದಿನ ಕಾಲದ ನಾದವನ್ನು ನಂತರದವರು ಪೂರ್ತಿಯಾಗಿ ಮರಳಿ ತರಬಲ್ಲರೇ?
— ಓದುಗರು, ಮಂಗಳೂರು

ಉತ್ತರ: ಹಣ, ಯಂತ್ರ, ಪ್ರತಿಭೆ ಮೂರೂ ಇದ್ದವರಿಗೇ ಅದು ಕಷ್ಟವಾಗಿದೆ. ಬ್ರಿಟಿಷ್ ಗಾಯಕ, ಡ್ರಮ್ಸ್ ವಾದಕ ಫಿಲ್ ಕಾಲಿನ್ಸ್ ಮತ್ತು ಧ್ವನಿಮುದ್ರಣಕಾರ ಹ್ಯೂ ಪ್ಯಾಡ್ಗಮ್ 1982ರಲ್ಲಿ ಸುಪ್ರೀಮ್ಸ್ ತಂಡದ 1966ರ ‘ಯು ಕಾಂಟ್ ಹರಿ ಲವ್’ ಹಾಡನ್ನು ಅದೇ ಹಳೆಯ ನಾದದಲ್ಲಿ ಮಾಡಿ ತೋರಿಸಲು ಹೊರಟರು. ಸ್ವಾರಸ್ಯವೆಂದರೆ, 1980ರ ದಶಕವನ್ನು ಒಂದೇ ಪೆಟ್ಟಿನಲ್ಲಿ ಗುರುತಿಸುವಂತೆ ಮಾಡಿದ ಡ್ರಮ್ಸ್ ಸದ್ದನ್ನು, ಎಂದರೆ ಗುಡುಗಿದಂತೆ ಮೊಳಗಿ ತಟ್ಟನೆ ನಿಲ್ಲುವ ಆ ಸದ್ದನ್ನು, ಗಾಯಕ ಪೀಟರ್ ಗೇಬ್ರಿಯಲ್ ಅವರ 1980ರ ಆಲ್ಬಮ್ಮಿನ ಧ್ವನಿಮುದ್ರಣದಲ್ಲಿ ಕಂಡುಕೊಂಡವರೂ ಇದೇ ಇಬ್ಬರು. ಹಳೆಯ ಹಾಡಿಗಾಗಿ ತಮ್ಮದೇ ಆವಿಷ್ಕಾರವನ್ನು ಅವರು ಹೊರಗಿಡಬೇಕಾಯಿತು. ಹಾಡು ಬ್ರಿಟನ್ನಿನಲ್ಲಿ 1983ರ ಜನವರಿಯಲ್ಲಿ ಮೊದಲ ಸ್ಥಾನ ಪಡೆಯಿತು. ಎರಡನ್ನೂ ಒಂದರ ಹಿಂದೊಂದು ಕೇಳಿ: ಕಾಲಿನ್ಸ್ ಮುದ್ರಿಕೆಯಲ್ಲಿ ಒಂದೊಂದು ವಾದ್ಯವೂ ತೊಳೆದಿಟ್ಟಂತೆ ಬೇರೆಬೇರೆಯಾಗಿ ನಿಂತಿದೆ, ಡೆಟ್ರಾಯಿಟ್‌ನ ಇಕ್ಕಟ್ಟು ಅದರಲ್ಲಿಲ್ಲ.

ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದು ಗೆದ್ದವರು ಇಂಗ್ಲೆಂಡಿನ ಲೀಡ್ಸ್ ನಗರದ ಸಾಫ್ಟ್ ಸೆಲ್ ಎಂಬ ಇಬ್ಬರ ತಂಡ. ‘ಟೇಂಟೆಡ್ ಲವ್’ ಎಂಬುದನ್ನು ಅಮೆರಿಕದ ಗಾಯಕಿ ಗ್ಲೋರಿಯಾ ಜೋನ್ಸ್ 1960ರ ದಶಕದ ನಡುವಿನಲ್ಲಿ ಹಾಡಿದಾಗ ಅದು ತಟ್ಟೆಯ ಹಿಂಬದಿಯ ಹಾಡಾಗಿತ್ತು, ಯಾರೂ ಕಿವಿಗೊಡಲಿಲ್ಲ; ಉತ್ತರ ಇಂಗ್ಲೆಂಡಿನ ನೃತ್ಯಶಾಲೆಗಳು ಮಾತ್ರ 1970ರ ದಶಕದಲ್ಲಿ ಅದನ್ನು ಜೀವಂತವಾಗಿಟ್ಟವು. 1981ರಲ್ಲಿ ಸಾಫ್ಟ್ ಸೆಲ್ ಅದರ ಓಟವನ್ನು ತಗ್ಗಿಸಿ, ತುತ್ತೂರಿಗಳನ್ನೂ ಗಿಟಾರನ್ನೂ ಕಿತ್ತುಹಾಕಿ, ಸಿಂಥಸೈಜರಿನ ಎರಡು ಚುಚ್ಚುಸ್ವರಗಳ ಮೇಲೆ ನಿಲ್ಲಿಸಿತು. ಮೂಲವನ್ನು ಹೋಲುವ ಹಂಬಲವೇ ಅದರಲ್ಲಿಲ್ಲ. ನನ್ನ ಮಟ್ಟಿಗೆ ಕಾಲಿನ್ಸ್ ಮತ್ತು ಸಾಫ್ಟ್ ಸೆಲ್ ಮುದ್ರಿಕೆಗಳೆರಡರಲ್ಲಿ ಹೆಚ್ಚು ಬಾಳುವುದು ಇದೇ.

ಪ್ರಶ್ನೆ: ಟೇಲರ್ ಸ್ವಿಫ್ಟ್ ತಮ್ಮ ಹಳೆಯ ಆಲ್ಬಮ್‌ಗಳನ್ನು ಮತ್ತೆ ಹಾಡಿದ್ದೂ ಇದೇ ಜಾತಿಯ ಪ್ರಯೋಗವೇ?
— ಓದುಗರು, ಬೆಂಗಳೂರು

ಉತ್ತರ: ಅಲ್ಲ. 2021ರಿಂದ ಅವರು ಮಾಡಿದ್ದು ಮಾಲೀಕತ್ವದ ಹೋರಾಟ. ಹಳೆಯ ಮೂಲ ಮುದ್ರಿಕೆಗಳು ಬೇರೆಯವರ ಪಾಲಾಗಿದ್ದರಿಂದ, ಕೇಳುಗರಿಗೆ ವ್ಯತ್ಯಾಸ ತಿಳಿಯದಷ್ಟು ಹೋಲುವಂತೆ ಮತ್ತೆ ಹಾಡುವುದೇ ಅಲ್ಲಿನ ಗುರಿಯಾಗಿತ್ತು.

ಪ್ರಶ್ನೆ: ಪಿ. ಬಿ. ಶ್ರೀನಿವಾಸ್ ಅವರ ಕಾಲದ ಚಿತ್ರಗೀತೆಗಳನ್ನು ಇಂದು ಹೊಸದಾಗಿ ಹಾಡಿಸಿದಾಗ, ಸ್ವರ ತಪ್ಪದಿದ್ದರೂ ಜೀವ ತಪ್ಪಿದಂತೆ ಕೇಳುವುದೇಕೆ?
— ಗೃಹಿಣಿ, ಹಾಸನ

ಉತ್ತರ: ಆಗಿನ ಕನ್ನಡ ಚಿತ್ರಗೀತೆಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ, ಗಾಯಕರೂ ವಾದ್ಯಗೋಷ್ಠಿಯೂ ಒಟ್ಟಿಗೆ ಕುಳಿತು ಮುದ್ರಣವಾದವು. ಒಬ್ಬ ಪಿಟೀಲುಗಾರ ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕಿತ್ತು. ಆ ಎಚ್ಚರ, ಗಾಯಕರ ಉಸಿರಿಗೆ ತಬಲಾ ಕೂದಲೆಳೆಯಷ್ಟು ಕಾಯುವುದು, ಹಾಡಿನ ನಡುವಣ ವಾದ್ಯಭಾಗದಲ್ಲಿ ಓಟ ತುಸು ಏರಿ ಚರಣಕ್ಕೆ ಮತ್ತೆ ಇಳಿಯುವುದು, ಇವೆಲ್ಲ ಆಗಿನ ಹಾಡಿನ ಭಾಗವೇ ಆಗಿದ್ದವು. ಇಂದು ಒಂದೊಂದು ವಾದ್ಯವನ್ನೂ ಬೇರೆಬೇರೆ ದಿನ, ಕಿವಿಯಲ್ಲಿ ಕಂಪ್ಯೂಟರಿನ ತಾಳ ಕೇಳಿಸಿಕೊಂಡು ನುಡಿಸುತ್ತಾರೆ. ಗಾಯಕರು ಪಿಟೀಲುಗಾರರ ಮುಖವನ್ನೇ ಕಂಡಿರುವುದಿಲ್ಲ. ಆ ತಾಳ ಯಾರಿಗಾಗಿಯೂ ಕಾಯುವುದಿಲ್ಲ. ನೀವು ಹೇಳುವ ಜೀವ ತಪ್ಪುವುದು ಬಹುಮಟ್ಟಿಗೆ ಅಲ್ಲೇ.

ಪ್ರಶ್ನೆ: ನಮ್ಮ ಕಾಲೇಜಿನ ಸಂಗೀತ ತಂಡ ಇತ್ತೀಚಿನ ಹಾಡೊಂದನ್ನು 1930ರಲ್ಲಿ ಮುದ್ರಿಸಿದಂತೆ ಮಾಡಲು ಬಯಸಿದೆ. ಯಂತ್ರಗಳಿಗೆ ಹಣವಿಲ್ಲ. ಸಲಹೆ ಕೊಡುವಿರಾ?
— ವಿದ್ಯಾರ್ಥಿಗಳು, ಮೈಸೂರು

ಉತ್ತರ: ಯಂತ್ರ ಬೇಡ, ನಿಯಮಗಳು ಸಾಕು. ಒಂದೇ ಮೈಕು ಅಥವಾ ಒಂದೇ ಮೊಬೈಲ್ ಫೋನು ಇರಲಿ. ಹಾಡುವವರು ಅದರ ಹತ್ತಿರ ನಿಲ್ಲಲಿ, ಟ್ರಂಪೆಟ್ಟಿನವರು ಕೋಣೆಯ ಆ ತುದಿಗೆ ಹೋಗಲಿ, ಡ್ರಮ್ಸಿನವರು ಕೋಲು ಬಿಟ್ಟು ಬ್ರಷ್ ಹಿಡಿಯಲಿ. ಯಾರ ಸದ್ದು ಹೆಚ್ಚು ಕಡಿಮೆಯಾದರೂ ಜಾಗ ಬದಲಿಸಿ ಸರಿಪಡಿಸಿಕೊಳ್ಳಿ, ನಂತರ ಕಂಪ್ಯೂಟರಿನಲ್ಲಿ ಮುಟ್ಟಬೇಡಿ. ತಪ್ಪಿದರೆ ತೇಪೆ ಹಾಕದೆ ಮೊದಲಿನಿಂದ ಹಾಡಿ. ಮೈಕು ಬರುವ ಮುಂಚಿನ, ಎಂದರೆ 1925ಕ್ಕೂ ಹಿಂದಿನ ನಾದ ಬೇಕೆಂದರೆ ಕಷ್ಟ ಇನ್ನೂ ಹೆಚ್ಚು. ಆಗ ಎಲ್ಲರೂ ದೊಡ್ಡ ಕಹಳೆಯೊಂದರ ಬಾಯಿಗೆ ಹಾಡಬೇಕಿತ್ತು. ಪಿಟೀಲಿನ ಸದ್ದು ಸಾಲದೆಂದು ಅದಕ್ಕೂ ಲೋಹದ ಕಹಳೆ ಜೋಡಿಸುತ್ತಿದ್ದರು. ಆಳದ ಸ್ವರಕ್ಕೆ ತಂತಿವಾದ್ಯದ ಬದಲು ಟ್ಯೂಬಾ ಊದಿಸುತ್ತಿದ್ದರು. ಪಿಸುಮಾತಿನಂತಹ ಹಾಡುಗಾರಿಕೆಗೆ ಆ ಕಾಲದಲ್ಲಿ ಜಾಗವೇ ಇರಲಿಲ್ಲ. ಆದ್ದರಿಂದ 1930ಕ್ಕೇ ಅಂಟಿಕೊಳ್ಳಿ. ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು ಹಿಡಿಸುತ್ತಿತ್ತು. ಗಡಿಯಾರ ಎದುರಿಗಿಟ್ಟುಕೊಂಡು, ಯಾವ ಚರಣವನ್ನು ಬಿಡುವುದೆಂದು ಅಭ್ಯಾಸ ಆರಂಭಿಸುವ ಮೊದಲೇ ನಿಮ್ಮೊಳಗೆ ಜಗಳವಾಡಿ ಮುಗಿಸಿಕೊಳ್ಳಿ.