ಕೃಷ್ಣಮೃಗದ ಮರಿ ಸುಮ್ನೆ ಮಲಗಿದ್ರೆ ಹುಷಾರಿಲ್ಲ ಅಂತಲ್ಲ

ಪ್ರಶ್ನೆ: ಮಕ್ಕಳ ಜೊತೆ ಝೂಗೆ ಹೋಗಿದ್ವಿ. ಕೃಷ್ಣಮೃಗ ಇರೋ ಕಡೆ ಒಂದು ಪುಟ್ಟ ಮರಿ ಹುಲ್ಲಲ್ಲಿ ಒಂಟಿಯಾಗಿ ಮಲಗಿತ್ತು, ನಾವಿದ್ದಷ್ಟು ಹೊತ್ತೂ ಅಲ್ಲಾಡಲಿಲ್ಲ, ತಾಯಿ ಯಾವ್ದು ಅಂತಾನೂ ಗೊತ್ತಾಗ್ಲಿಲ್ಲ. ಕೀಪರ್‌ಗೆ ಹೇಳಿದ್ರೆ "ಅದು ಹಂಗೇ ಇರುತ್ತೆ ಮೇಡಂ" ಅಂದ್ಬಿಟ್ರು. ಅಷ್ಟು ಚಿಕ್ಕ ಮರೀನ ಡಾಕ್ಟ್ರು ನೋಡೋದೇ ಇಲ್ವಾ? ಮನುಷ್ಯರು ಮುಟ್ಟಿದ್ರೆ ತಾಯಿ ಸೇರಿಸಲ್ಲ ಅನ್ನೋದು ನಿಜಾನಾ? – ಓದುಗರೊಬ್ಬರು, ಹಾವೇರಿ

ಉತ್ತರ: ಕೀಪರ್ ಹೇಳಿದ್ದು ಸರಿ ಮೇಡಂ, ಜೊತೆಗೆ ಇನ್ನೆರಡು ಮಾತು ಹೇಳಿದ್ರೆ ನಿಮಗೂ ಸಮಾಧಾನ ಆಗ್ತಿತ್ತು. ಕೃಷ್ಣಮೃಗದ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ಬಚ್ಚಿಟ್ಕೊಂಡೇ ಬೆಳೆಯೋದು. ತಾಯಿ ದೂರ ಮೇಯ್ತಾ ಇರುತ್ತೆ, ದಿನಕ್ಕೆ ಕೆಲವೇ ಸಲ ಬಂದು ಹಾಲು ಕುಡಿಸಿ, ಮರಿ ಹಿಂಭಾಗ ನೆಕ್ಕಿ, ಅದು ಹಾಕಿದ್ದನ್ನೂ ತಾನೇ ತಿಂದು ಹೋಗ್ಬಿಡುತ್ತೆ, ವಾಸನೆ ಹಿಡಿದು ನರಿ ತೋಳ ಬರಬಾರದಲ್ಲ. ಝೂನಲ್ಲಿ ತೋಳ ಇನ್ನೊಂದು ಬೋನಲ್ಲಿರುತ್ತೆ ಅನ್ನೋದು ತಾಯಿಗೇನು ಗೊತ್ತು!

ಡಾಕ್ಟ್ರು ನೋಡೇ ನೋಡ್ತಾರೆ. ಆದ್ರೆ ಮೊದಲ ತಪಾಸಣೆ ದೂರದಿಂದ, ಬೈನಾಕ್ಯುಲರ್ ಹಿಡ್ಕೊಂಡು. ಮರಿ ಎದ್ದು ನಿಲ್ತಾ, ಮೊಲೆ ಹುಡುಕಿ ಕುಡೀತಾ, ತಾಯಿ ನೆಕ್ತಾ ಇದ್ಯಾ ಇಲ್ಲ ಒದ್ದು ಓಡಿಸ್ತಾ ಇದ್ಯಾ, ಎದ್ದಾಗ ಮೈಮುರಿಯುತ್ತಾ, ಇವನ್ನೆಲ್ಲ ಕೀಪರ್ ಬರೆದಿಡ್ತಾರೆ. ಬೆನ್ನು ಗೂನು ಮಾಡ್ಕೊಂಡು ಕಿವಿ ಜೋತುಬಿಟ್ಟು ನಿಂತಿರೋ ಮರಿ ಇದ್ಯಲ್ಲ, ಅದಕ್ಕೆ ಭಯಪಡಬೇಕು, ಸುಮ್ನೆ ಮುದುಡಿ ಮಲಗಿರೋದಕ್ಕಲ್ಲ.

ಕೈಯಲ್ಲಿ ಹಿಡಿದು ನೋಡೋದು ಸಾಮಾನ್ಯವಾಗಿ ಒಂದು ದಿನ ಕಳೆದ ಮೇಲೆ. ಯಾಕೆ ಅಷ್ಟು ಹೊತ್ತು ಕಾಯ್ಬೇಕು ಅಂದ್ರೆ ಗಿಣ್ಣುಹಾಲು. ನಮ್ಮ ಮಕ್ಕಳಿಗೆ ಹೊಟ್ಟೇಲಿರುವಾಗಲೇ ತಾಯಿಯಿಂದ ರೋಗನಿರೋಧಕ ಶಕ್ತಿ ಸ್ವಲ್ಪ ಹೋಗುತ್ತೆ, ಮೆಲುಕು ಹಾಕೋ ಪ್ರಾಣಿಗಳಲ್ಲಿ ಮಾಸು ಅದನ್ನ ಬಿಡೋದೇ ಇಲ್ಲ, ಹಾಗಾಗಿ ಮರಿ ಬರಿಗೈಲೇ ಹುಟ್ಟುತ್ತೆ, ಇರೋದೆಲ್ಲ ಗಿಣ್ಣಲ್ಲಿ. ಅದನ್ನ ಹಾಗೇ ಹೀರ್ಕೊಳ್ಳೋ ಶಕ್ತಿ ಕರುಳಿಗೆ ಸುಮಾರು 24 ಗಂಟೆ ಮಾತ್ರ, ಅದೂ ಗಂಟೆಗಂಟೆಗೂ ಇಳೀತಾ ಹೋಗುತ್ತೆ. ಆ ಹೊತ್ತಲ್ಲಿ ನಾವು ಮಧ್ಯೆ ಹೋಗಿ ತಾಯೀನ ಗಾಬರಿ ಮಾಡಿದ್ರೆ ಮರಿಗೆ ಹೊಡೆತ. ತಾಯಿ ಸೇರಿಸಲೇ ಇಲ್ಲ ಅಂತ ಖಚಿತ ಆದ್ರೆ ಮಾತ್ರ ಕಾಯೋ ಹಾಗಿಲ್ಲ, ನಾವು ಬೆಲ್ಲ ಏಲಕ್ಕಿ ಹಾಕಿ ತಿನ್ನೋ ಅದೇ ಹಸುವಿನ ಗಿಣ್ಣನ್ನ ಬಾಟಲಲ್ಲಿ ಕುಡಿಸ್ತಾರೆ.

ತಪಾಸಣೆ ಅಂದ್ರೆ ಕೆಲವೇ ನಿಮಿಷ. ಒಬ್ರು ಗ್ಲೌಸ್ ಹಾಕ್ಕೊಂಡು ಮರಿ ಹಿಡೀತಾರೆ, ಇನ್ನೊಬ್ರು ತಾಯಿ ಮೇಲೆ ಕಣ್ಣಿಡ್ತಾರೆ. ತೂಕ, ಜ್ವರ, ಎದೆಬಡಿತ, ಗಂಡೋ ಹೆಣ್ಣೋ. ಬಾಯಿಗೆ ಬೆರಳಿಟ್ರೆ ಚೀಪಬೇಕು, ಹಾಗೇ ಬೆರಳು ಮೇಲೆ ಸವರಿ ಬಾಯಿ ಒಳಗಿನ ಮೇಲ್ಭಾಗ, ಅಂದ್ರೆ ಅಂಗುಳ, ಸೀಳಿದ್ಯಾ ನೋಡ್ತಾರೆ, ಸೀಳಿದ್ರೆ ಕುಡಿದ ಹಾಲು ಮೂಗಲ್ಲಿ ಬರುತ್ತೆ. ಹೊಕ್ಕಳು ಒಣಗಿರಬೇಕು. ಹಸಿಯಾಗಿ ಊದಿ ವಾಸನೆ ಬಂದ್ರೆ ಸೋಂಕು, ಅದು ರಕ್ತಕ್ಕೆ ಹೋಗಿ ಕೀಲುಗಳಲ್ಲಿ ಕೂತ್ರೆ ಮೊಣಕಾಲು ದಪ್ಪ ಆಗಿ ಕುಂಟುತ್ತೆ, ಆಮೇಲೆ ಉಳಿಸೋದು ಕಷ್ಟ, ಅದಕ್ಕೇ ಅಲ್ಲೇ ಅಯೋಡಿನ್ ಹಚ್ಚಿಬಿಡೋದು. ಒಂಚೂರು ರಕ್ತ ತಗೊಂಡು ಅದರ ಪ್ರೋಟೀನ್ ನೋಡಿದ್ರೆ ಗಿಣ್ಣು ಸಾಕಷ್ಟು ಸಿಕ್ಕಿದ್ಯಾ ಅನ್ನೋ ಅಂದಾಜು ಸಿಗುತ್ತೆ. ದನದ ಕರುವಲ್ಲಿ ಡೆಸಿಲೀಟರಿಗೆ 5.2 ಗ್ರಾಂಗಿಂತ ಕಡಿಮೆ ಬಂದ್ರೆ ಅನುಮಾನ ಪಡ್ತೀವಿ, ಕೃಷ್ಣಮೃಗಕ್ಕೆ ಅದೇ ಲೆಕ್ಕ ಕಣ್ಮುಚ್ಚಿ ಹಾಕೋಕಾಗಲ್ಲ, ಝೂನವರು ತಮ್ಮ ಹಳೇ ದಾಖಲೆ ಜೊತೆ ಹೋಲಿಸ್ತಾರೆ. ಕಡಿಮೆ ಅನ್ನಿಸಿದ್ರೆ ಪ್ಲಾಸ್ಮಾ, ಅಂದ್ರೆ ರಕ್ತದ ದ್ರವ ಭಾಗ, ಕೊಡಬಹುದು. ನನ್ನ ಕೇಳಿದ್ರೆ ಒಂದು ದಿನದ ತೂಕಕ್ಕಿಂತ ಮುಂದೆ ಏರ್ತಾ ಹೋಗುತ್ತಾ ಅನ್ನೋದೇ ಮುಖ್ಯ.

ಇಷ್ಟೊಂದು ಅವಸರ ಯಾಕಂದ್ರೆ ಈ ಜಾತಿಗೆ ಗಾಬರಿ ಜಾಸ್ತಿ, ದೊಡ್ಡವು ಬೇಲಿಗೆ ಗುದ್ದಿ ಕಾಲು ಮುರ್ಕೊಳ್ತವೆ, ಬಿಸಿಲಲ್ಲಿ ಓಡಾಡಿಸಿದ್ರೆ ಸ್ನಾಯು ಹಾಳಾಗಿ ದಿನಗಳಾದ ಮೇಲೂ ಸಾಯಬಹುದು. ಅದಕ್ಕೇ ಬೆಳಗಿನ ತಂಪಲ್ಲೇ ಮುಗಿಸೋದು.

ಮುಟ್ಟಿದ್ರೆ ಸೇರಿಸಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ತಾಯಿ ಒಂದು ಸಲ ಮರಿ ವಾಸನೆ ಗುರುತು ಹಿಡಿದ ಮೇಲೆ ಸಾಮಾನ್ಯವಾಗಿ ಬಿಡಲ್ಲ, ಅದಕ್ಕೆ ಮುಂಚೆ ಮುಟ್ಟಿದ್ರೆ ಅಪಾಯ ಉಂಟು.

ನೀವು ಹಾವೇರಿಯವರು ಅಂತ ಇನ್ನೊಂದು ಮಾತು. ರಾಣೆಬೆನ್ನೂರು ಸುತ್ತಮುತ್ತ ಹೊಲದಲ್ಲಿ ಹೀಗೇ ಮರಿ ಮಲಗಿದ್ದು ಕಂಡ್ರೆ "ಪಾಪ, ಅನಾಥ" ಅಂತ ಮನೆಗೆ ತರಬೇಡಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟೀಲಿರೋ ಪ್ರಾಣಿ ಅದು, ಸಾಕೋದು ಅಪರಾಧ. ದೂರ ಸರಿದು, ನಾಯಿ ಬರದ ಹಾಗೆ ನೋಡ್ಕೊಳ್ಳಿ, ಗಾಯ ಆಗಿದ್ರೆ ಇಲ್ಲ ಇರುವೆ ಮುತ್ತಿದ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.